ಪಾಕೀಟಿನ ಮೇಲಿನ ರಾಗಿತೆನೆ

ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಡಾಕ್ಟರಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಬಲಗಾಲಿಗೆ ಪಟ್ಟಿ ಕಟ್ಟಿಕೊಂಡ ಮುದುಕರು, ಸೂಪರ್‌ಮಾರ್ಕೆಟ್ಟಿನ ಸಮವಸ್ತ್ರದಲ್ಲಿದ್ದ ಅವರ ಮಗಳು.

"ಶುಗರ್ ಮುನ್ನೂರ ಎಂಬತ್ತು ಐತಪ್ಪ. ಇಳೀದಿದ್ರೆ ಪಾದ ತೆಗೀಬೇಕು ಅಂದಿದ್ರು. ಏನ್ ತಿಂದೆ, ನಿಜ ಹೇಳು."

"ಸಕ್ಕರೆ ಮುಟ್ಟಿಲ್ಲ ಕಣವ್ವ. ಮುದ್ದೇನೂ ಬುಟ್ಟೆ. ಮೂರೊತ್ತೂ ನೀನು ತಂದ ರಾಗಿ ಬಿಸ್ಕತ್ತೇಯ."

"ಮೂರೊತ್ತೂನಾ? ಮನೇಲಿ ನಮ್ ರಾಗೀನೇ ಇತ್ತಲ್ಲಪ್ಪ!"

"ಸಕ್ಕರೆ ಇಲ್ಲ ಅಂತ ಮುದ್ದೆ ಮ್ಯಾಲೆ ಬರ್ದಿರಾಕಿಲ್ವಲ್ಲ!" ಮುದುಕರು ನಕ್ಕರು.

ಮಗಳು ಚೀಲದಿಂದ ಪಾಕೀಟು ತೆಗೆದಳು. ಮುಂದೆ ರಾಗಿತೆನೆಯ ಚಿತ್ರ, ಅದರ ಕೆಳಗೆ 'ಸಕ್ಕರೆ ಇಲ್ಲ' ಎಂಬ ದಪ್ಪಕ್ಷರಗಳಿದ್ದವು. ತಿರುಗಿಸಿ ಸಣ್ಣಕ್ಷರಗಳನ್ನು ಓದಿದಳು.

"ಮೈದಾ. ಮಾಲ್ಟೋಡೆಕ್ಸ್‌ಟ್ರಿನ್. ರಾಗಿ ನೂರಕ್ಕೆ ಆರು ಭಾಗ." ನನ್ನತ್ತ ತಿರುಗಿದಳು. "ಈ ಮಾಲ್ಟೋ ಅಂದ್ರೇನಕ್ಕ?"

ಸುಳ್ಳು ಹೇಳಲಾಗಲಿಲ್ಲ. "ಅದೂ ಸಕ್ಕರೆಯಷ್ಟೇ ಬೇಗ ಶುಗರ್ ಏರಿಸುತ್ತಮ್ಮ."

"ದಿನಾ ಅಂಗಡೀಲಿ ಇವನ್ನ ನಾನೇ ಜೋಡಿಸ್ತೀನಿ. ಒಂದಿನಾನೂ ತಿರುಗ್ಸಿ ನೋಡ್ಲಿಲ್ಲ."

"ಅಳಬ್ಯಾಡ. ಡಾಕ್ಟ್ರು ಕೇಳಿದ್ರೆ ಕದ್ದು ಬೆಲ್ಲ ತಿಂದೆ ಅಂತೀನಿ. ನೀನು ಬಾಯ್ಬುಡಬ್ಯಾಡ."

"ಲಕ್ಕಯ್ಯ!" ನರ್ಸ್ ಕೂಗಿದರು.

ಮುದುಕರು ಮಗಳ ಹೆಗಲು ಹಿಡಿದು, ಒಂದೇ ಕಾಲೂರುತ್ತ ಒಳಗೆ ಹೋದರು. ಪಾಕೀಟು ಅವಳ ಕೈಯಲ್ಲೇ ಇತ್ತು.