ಸಿಲೋನಿಗೆ ಬೇಕಾದ ಮದುವೆ ಫೋಟೋ

ಸೋಮವಾರಪೇಟೆಯಲ್ಲಿ ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದ ಅನಂತಯ್ಯ ಮೇಷ್ಟ್ರಿಗೆ, ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಅವನೂ ಒಬ್ಬ ವಕೀಲನಾ?" ಎಂದಳು ಅತ್ತೆ ಚಲುವಮ್ಮ. "ಗದ್ದೆ ಬದುವಿನ ಕೇಸು ನಡೆಸೋನಿಗೆ, ನಿನ್ನ ಸಿಲೋನಿಗೆ ಗಂಡನ ಹತ್ರ ಕಳಿಸೋ ಪರ್ಮಿಟ್ ಬಗ್ಗೆ ಏನು ಗೊತ್ತು?"

"ನನ್ನ ಜಗಲೀಲಿ ಕೂರಿಸಿ ಹೋದ್ರಿ. ಒಳಗೆ ಏನಂದ್ರು ಅತ್ತೆ?"

"ನೀನು ನನ್ನ ಮಗನ ಹೆಂಡ್ತಿ ಅನ್ನೋಕೆ ರುಜುವಾತು ಬೇಕಂತೆ. ಊರಿಗೆ ಊರೇ ಬಂದು ಉಂಡು ಹೋಗಿದ್ದು ಸಾಲದಂತೆ."

"ಮತ್ತೇನಂತೆ?"

"ಮದುವೆ ಫೋಟೋ. ತೆಗೆಸಿಲ್ಲ ಸ್ವಾಮಿ ಅಂದೆ. ಹಂಗಾದ್ರೆ ನಿನ್ನ ಮೈದುನನಿಗೆ ಬಾಸಿಂಗ ಕಟ್ಟಿ, ನಿನ್ನ ಪಕ್ಕ ನಿಲ್ಲಿಸಿ ತೆಗೆಸ್ಬೇಕಂತೆ. ಮುಖ ಯಾರದ್ದು ಅಂತ ಸಿಲೋನಿನವರಿಗೆ ಏನು ಗೊತ್ತಾಗುತ್ತೆ ಅಂತಾನೆ!"

"ನೀವು ಸುಮ್ನೆ ಬಂದ್ರಾ?"

"ಬರ್ತೀನಾ? ನಿಮ್ಮ ಮದುವೆ ಫೋಟೋದಲ್ಲೂ ನಿಮ್ಮ ತಮ್ಮನೇ ನಿಂತಿದ್ನಾ ಅಂದೆ. ಕರಿ ಕೋಟು ಹಾಕಿದವರೆಲ್ಲ ವಕೀಲರಾದ್ರೆ ಕಾಗೆಗಳೂ ವಕೀಲರೇ! ಈ ಕೊಡಗು ರಾಜ್ಯದಲ್ಲಿ ಸಿಗದಿದ್ರೆ ಬೇಡ, ಮೈಸೂರಲ್ಲಿ ಒಬ್ಬ ಒಳ್ಳೆಯವನನ್ನ ಹುಡುಕೋಣ."

ಮೈಸೂರಿನಲ್ಲಿ ಪರ್ಮಿಟ್ ಕೆಲಸವನ್ನೇ ಮಾಡುವ ವಕೀಲರೊಬ್ಬರನ್ನು ಮೇಷ್ಟ್ರು ಬಲ್ಲರು. ಹೆಸರು ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಕುಶಾಲನಗರದ ಬಸ್ಸು ಬಂತು. ಸೊಸೆ ಎದ್ದು ಸೆರಗು ಕೊಡವಿದಳು.

"ಯಾರನ್ನೂ ಹುಡುಕೋದು ಬೇಡ ಅತ್ತೆ. ಫೋಟೋಕ್ಕೆ ನಿಮ್ಮ ಮಗನೇ ಬಂದು ನಿಲ್ಲಲಿ. ಅಲ್ಲಿಗೆ ಹೋಗೋಕೆ ನನಗೆ ಪರ್ಮಿಟ್ ಬೇಕು, ಸರಿ. ನಾಲ್ಕು ವರ್ಷದಿಂದ ತಮ್ಮ ಮನೆಗೆ ಬರೋಕೆ ಅವರಿಗೆ ಯಾರ ಪರ್ಮಿಟ್ ಬೇಕಿತ್ತು?"

ಅಷ್ಟು ಹೊತ್ತು ವಕೀಲನನ್ನು ಝಾಡಿಸುತ್ತಿದ್ದ ಚಲುವಮ್ಮ ಚೀಲ ಎತ್ತಿಕೊಂಡು ಸೊಸೆಯ ಹಿಂದೆ ಬಸ್ಸು ಹತ್ತಿದಳು. ಮೇಷ್ಟ್ರು ಬಾಯಿಗೆ ಬಂದಿದ್ದ ಹೆಸರನ್ನು ನುಂಗಿಕೊಂಡರು.