ನಿಗಾರಳ ಹೆಸರಿನ ರಿಪೋರ್ಟು

ಹಂಗಲ್ರೀ ಡಾಕ್ಟರ್ರೀ, ರಾಯಚೂರಿನ ಆ ಸ್ಕ್ಯಾನ್ ಮಷೀನೇ ಸರಿ ಇರಲಿಲ್ಲ ಅಂತೀನಿ ನಾನು. ಇಲ್ಲಂದ್ರ ನನ್ನ ತಂಗಿ ನಿಗಾರಗ ಆರು ತಿಂಗಳ ಹಿಂದ ಏನೂ ಇಲ್ಲ ಅಂತ ಬರದು ಕೊಟ್ಟಾರ, ಈಗ ಮತ್ತ ಸ್ಕ್ಯಾನ್ ಮಾಡಿಸಿದ್ರ ಹೊಟ್ಟ್ಯಾಗ ಇಷ್ಟು ದೊಡ್ಡ ಗಡ್ಡಿ ಅಂತಾರ. ಇಷ್ಟರಾಗ ಎಲ್ಲಿಂದ ಬಂತ್ರೀ ಅದು?

ನೀವರ ಏನ್ ಮಾಡ್ತೀರಿ. ಅಕ್ಷೋಭ್ಯ ಡಾಕ್ಟರು ಸುಮ್ಮಸುಮ್ಮನ ಸ್ಕ್ಯಾನಿಗೆ ಬರದು ಕೊಡಾವರಲ್ಲ ಅಂತ ದೇವದುರ್ಗಕ್ಕೆಲ್ಲ ಗೊತ್ತದ. ಕೈಲೆ ಒತ್ತಿ ನೋಡ್ತೀರಿ, ಗುಳಗಿ ಕೊಡ್ತೀರಿ. ನಿಗಾರಂದು ಮಾತ್ರ ಒತ್ತಿ ನೋಡಿ, ಇದು ಕೈಗೆ ತಿಳಿಯೂದಲ್ಲ, ಸ್ಕ್ಯಾನ್ ಮಾಡಿಸ್ರಿ ಅಂದ್ರಿ. ಸಿರವಾರ ಸಂತ್ಯಾಗ ಗಾಜಿನ ಬಳಿ ಮಾರಿ ಗಳಿಸಿದ ರೊಕ್ಕ ಎಲ್ಲಾ ತಗೊಂಡು ಹೋದ್ವಿ. ಮಾಡಿಸಿದ್ವಿ... ಮಾಡಿಸಿದ್ವಲ್ರೀ.

ಎರಡೂ ರಿಪೋರ್ಟು ಬಾಜೂಕ ಬಾಜೂಕ ಯಾಕ ಇಟ್ಟೀರಿ? ಹಳೇದು ಬಿಡ್ರಿ. ಅದನ್ನೇನು ನೋಡ್ತೀರಿ ಈಗ.

ರಾಯಚೂರಿನಾಗ ಸ್ಕ್ಯಾನ್ ಮಾಡಾಕ ಗಂಡಸಿದ್ದನ್ರೀ. ಹೊಟ್ಟಿಗೆ ಹಚ್ಚೂ ಜೆಲ್ಲಿ ಬಾಟ್ಲಿ ಹಿಡಕೊಂಡು ನಿಂತಿದ್ದ. ಹೆಣ್ಮಕ್ಕಳು ಯಾರೂ ಇರಲಿಲ್ಲ. ನಿಗಾರ ಅವನ್ನ ನೋಡಿದ್ದ ತಡ, ಬುರಖಾ ಗಟ್ಟಿ ಹಿಡಕೊಂಡು ಹೊರಗ ಓಡಿದ್ಲು, ಮೆಟ್ಟಲ ಮ್ಯಾಲ ಕುಂತು ಅಳಾಕತ್ತಿದ್ಲು. ಕಟ್ಟಿದ ರೊಕ್ಕ ವಾಪಸ್ ಬರಂಗಿಲ್ಲ ಅಂದ್ರು. ಒಳಗಿಂದ ನಿಗಾರ, ನಿಗಾರ ಅಂತ ಕೂಗಾಕತ್ತಿದ್ರು... ಆಮ್ಯಾಲ ಆತ್ರಿ. ಹೆಂಗೋ ಆತು.

ಯಾಕ, ಬಟ್ಟು ಆ ಸಾಲಿನ ಮ್ಯಾಲೇ ಇಟ್ಟೀರಿ? ನನಗ ಇಂಗ್ಲೀಷ್ ಬರಂಗಿಲ್ಲ... ಗರ್ಭಚೀಲ? ಹಳೇದರಾಗ ಇಲ್ಲ ಅಂತ ಬರದದೇನು? ಹೊಸಾದರಾಗ ಅದ ಅಂತ...

ನನ್ನ ಹೊಟ್ಟಿ ಯಾಕ ನೋಡಾಕತ್ತೀರಿ ಡಾಕ್ಟರ್ರೀ?

ನಿಮಗ ನೆನಪದ. ಎಂಟು ವರ್ಷದ ಹಿಂದ, ಬ್ಯಾಡ ಲತೀಫಾ, ಚೀಲ ತೆಗಿಸಬ್ಯಾಡ ಅಂತ ನೀವೇ ಹೇಳಿದ್ರಿ. ನಾನು ಕೇಳಲಿಲ್ಲ, ತೆಗಿಸಿದೆ. ಈ ಹಳೇ ರಿಪೋರ್ಟ್ ತಂದು ಕೊಟ್ಟಾಗ ಕೇಳಿದ್ರಿ, ನಿಗಾರಂದೂ ತೆಗಿಸ್ಯಾರೇನು ಅಂತ. ಹೂಂ ಅಂದೆ. ನಮ್ಮ ಓಣ್ಯಾಗ ಯಾರು ತೆಗಿಸಿಲ್ಲ ಹೇಳ್ರಿ. ನೀವೂ ನಂಬಿದ್ರಿ.

ಹೌದ್ರಿ. ನಾನ ಮಲಗಿದ್ದೆ. ಅಕಿ ಹೆಸರು ಕೂಗಿದ್ರು, ನಾನು ಹೋಗಿ ಮಲಗಿದೆ. ಒಂದೇ ತಾಯಿ ಹೊಟ್ಟ್ಯಾಗ ಹುಟ್ಟೀವಿ, ಒಂದೇ ಗಡಿಗ್ಯಾಗ ಬೇಯಿಸಿಕೊಂಡು ಉಣ್ಣತೀವಿ, ಒಳಗ ಏನು ಬ್ಯಾರೆ ಇರತದ ಅನಿಸ್ತು. ರೊಕ್ಕ ಹಾಳಾಗತದಂತ... ಅಷ್ಟ ಓಡ್ತು ನನ್ನ ತಲಿ.

ನಾನು ಹೊರಗ ಬರೂದ್ರಾಗ ಅಕಿ ಕಣ್ಣು ಒರಸಿಕೊಂಡು ಬಾಗಲದಾಗ ನಿಂತಿದ್ಲು. ಆಪಾ, ಧೈರ್ಯ ಬಂತು, ಈಗ ಮಲಗತೀನಿ ಅಂದ್ಲು. ನಡಿ, ಎಲ್ಲಾ ಮುಗೀತು ಅಂದೆ. ಬಸ್ಸಿನಾಗ ಕೇಳಿದ್ಲು, ಡಾಕ್ಟರಿಗೆ ಖರೇ ಹೇಳೂಣೇನು ಅಂತ. ಸುಮ್ನಿರು, ಬೈತಾರ ಅಂದೆ. ಆಮ್ಯಾಲ ನೋವಾದಾಗೆಲ್ಲ ಕೇಳಿದ್ಲು... ಪ್ರತೀ ಸಲ ನಾನ ಬಾಯಿ ಮುಚ್ಚಿಸಿದೆ.

ಹೊರಗ ಬೆಂಚಿನ ಮ್ಯಾಲ ಕುಂತಾಳ ನೋಡ್ರಿ. ನಾನು ಮಾರೂ ಬಳಿಗಳ ಗಂಟು ತೊಡಿ ಮ್ಯಾಲ ಇಟ್ಕೊಂಡಾಳ. ಹೋಗಿ ಅಕಿಗೆ ಏನ್ ಹೇಳಲಿ ನಾನು?

ನೀವು ಬೈತೀರಂತ ಹೆದರಿ ಹೇಳಲಿಲ್ಲ ಡಾಕ್ಟರ್ರೀ, ಅಷ್ಟ. ಈಗ ಬೈರಿ. ಬೈರಿ ನನಗ.