ಭಾನುವಾರದ ಪತ್ರೆ

"ಹಲೋ... ಯಾರು? ಯಾರು ಮಾತಾಡ್ತಿರೋದು... ಪವಿತ್ರನಾ? ಬಿಸ್ಲಿಗೆ ಹೆಸ್ರು ಕಾಣ್ಲಿಲ್ಲ ಕಣವ್ವ."

ಚಾಮರಾಜನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ ಶಿವಮಲ್ಲಪ್ಪನವರು ಮೆಲ್ಲಗೆ ಕುಳಿತರು. ಪುಷ್ಯಮಾಸದ ಬಿಸಿಲು ಪಡುವಣಕ್ಕೆ ವಾಲಿತ್ತು. ಅವರ ಕೊರಳಿನ ಶಿವದಾರ ಕಿತ್ತುಹೋಗಿ, ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಎಲ್ಲೋ ಜಾರಿಬಿದ್ದಿತ್ತು. ಲಿಂಗ ಮೈಮೇಲಿಲ್ಲದೆ ಹನಿ ನೀರನ್ನೂ ಮುಟ್ಟಬಾರದೆಂಬುದು ಅವರ ಮನೆತನದ ನಡೆ. ಗುಂಡ್ಲುಪೇಟೆಯಲ್ಲಿದ್ದ ಮಗಳಿಗೆ ಇದನ್ನು ಹೇಳಲು ಅವರಿಗೆ ಮನಸ್ಸಿರಲಿಲ್ಲ.

...

"ಹೂಂ, ಪಾರ್ಕಲ್ಲೇ ಇವ್ನಿ. ವಾಕಿಂಗ್ ಕಣವ್ವ. ನಿಮ್ಮವ್ವ ಇದ್ದಾಗ್ಲೂ ಭಾನುವಾರ ಬತ್ತಿದ್ವಲ್ಲ... ಊಟವಾ? ಮಾಡ್ತೀನಿ ಬುಡು."

...

"ಶಾಂತಿ ಹೇಳಿದ್ಲಾ? ಅವ್ಳೂ ಪಾರ್ಕಿಗೆ ಬಂದಿದ್ಲಾ? ಏನಂತೆ... ಬಗ್ಗಿ ಬಗ್ಗಿ ಹುಡುಕ್ತಿದ್ದೆ ಅಂದ್ಲಾ? ಪಕ್ಕದ ಮನೇಲಿದ್ದಂಡು ಸಿಐಡಿ ಕೆಲ್ಸ ಮಾಡ್ತಾಳಲ್ಲ ಆ ಹೆಂಗ್ಸು."

...

"ಏನೂ ಇಲ್ಲ... ಇಲ್ಲ ಅಂದ್ನಲ್ಲ... ಅಳ್ಬೇಡ, ಹೇಳ್ತೀನಿ. ಶಿವದಾರ ಕಿತ್ತೋಗದೆ ಕಣವ್ವ. ಕರಡಿಗೆ ಬಿದ್ದೋಗದೆ."

...

"ಹಳೇ ದಾರ. ಪ್ರತಿ ದೀಪಾವಳೀಗೂ ನಿಮ್ಮವ್ವನೇ ಬದಲಾಯಿಸ್ತಿದ್ಲು. ಶ್ರಾವಣದಲ್ಲಿ ಅವ್ಳು ಹೋದ್ಲು, ಈ ದೀಪಾವಳೀಲಿ ಯಾರು ನೋಡಿದ್ರು... ನಾನಾ? ಆ ಗಂಟು ನಂಗೆ ಬರಕಿಲ್ಲ."

...

"ಹುಡುಕ್ದೆ, ಎಲ್ಲಾ ಕಡೆ ಹುಡುಕ್ದೆ. ಪಾರ್ಕಿನ ಮಾಲಿ ಮೂಗಯ್ಯನೂ ಹುಲ್ಲೆಲ್ಲ ಕೆದ್ಕಿದ. ಬಂಡೀಪುರದಲ್ಲಿ ಆನೆ ಕಳ್ದಿದ್ರೂ ಇಷ್ಟೊತ್ಗೆ ಸಿಕ್ತಿತ್ತು ಯಜಮಾನ್ರೇ ಅಂತಾನೆ. ಪಾಪ, ನನ್ನ ನಗ್ಸಕ್ಕೆ ನೋಡ್ತಾನೆ."

...

"ಇರು, ಈ ಫೋನು ಬೇರೆ ಕುಂಯ್ ಅಂತದೆ. ಚಾರ್ಜಿಲ್ಲ... ಹಾಂ, ಹೇಳು. ಮಠದಲ್ಲಿ ಬೇರೆ ಲಿಂಗ ಕಟ್ಟಿಸ್ಕೋಬೋದು, ಗೊತ್ತು ಕಣವ್ವ. ನಾನು ಹುಟ್ಟಿದಾಗ ನಮ್ಮಪ್ಪ ಕಟ್ಸಿದ್ದು ಅದು. ಅಲ್ಲಿಂದ ಈ ಎದೆ ಬುಟ್ಟು ಹೋಗಿಲ್ಲ."

...

"ಒಂದ್ ಮಾತು ಹೇಳ್ಲಾ? ನಿಮ್ಮವ್ವನ ಲಿಂಗನ ಅವ್ಳ ಅಂಗೈಲಿಟ್ಟೇ ಮಣ್ಣು ಮಾಡ್ದೋ. ಈಗ ನಂದೂ ಹೋಯ್ತು. ಸಾಕು ಬಾ ಅಂತಾನೇನೋ ಶಿವ... ನಂಗೂ ಸಾಕಾಗದೆ ಕಣವ್ವ. ಉಣ್ದೆ ಹೋದ್ರೆ ಹೋಗ್ಲಿ ಬುಡು."

...

ಶಿವಮಲ್ಲಪ್ಪನವರ ಕೈ ತಾನಾಗಿ ಎದೆಗೆ ಹೋಗಿ, ಅಲ್ಲಿ ಏನೂ ಸಿಗದೆ ಮಡಿಲಿಗೆ ಬಿತ್ತು.

...

"ಏನಂದೆ? ನೀನ್ಯಾಕೆ ಉಪಾಸ? ನೀನುಣ್ಬೇಕು ಕಣವ್ವ. ಎದೆಹಾಲು ಕುಡಿಯೋ ಕೂಸದೆ, ಅದೇನು ಮಾಡದು ಪಾಪ... ಸಿಗೋ ತನ್ಕ ನೀನೂ ಉಣ್ಣಕಿಲ್ವಾ? ಹಟ ಮಾಡ್ಬೇಡ. ಥೇಟ್ ನಿಮ್ಮವ್ವನೇ ನೀನು."

...

"ಎದ್ದೆ. ಎದ್ದೆ ಕಣವ್ವ... ಆಯ್ತು, ಮೊದ್ಲಿಂದ ಹೇಳ್ತೀನಿ. ಒಂದು ಸುತ್ತು ಬಂದು ಬಿಲ್ವದ ಮರದ ತಾವ ನಿಂತೆ. ಸೋಮವಾರ ಪತ್ರೆ ಕೀಳಂಗಿಲ್ವಲ್ಲ, ನಾಳೆ ಪೂಜೆಗೆ ಇವತ್ತೇ ಕಿತ್ತೆ. ಅವ್ಳಾದ್ರೆ ಸೆರಗಿಗೆ ಹಾಕ್ಕತಿದ್ಲು. ನಾನು ಚೀಲನ ಬೆಂಚ್ ಮೇಲಿಟ್ಟು ಬಗ್ಗಿ ಬಗ್ಗಿ ತುಂಬ್ದೆ... ಹಾಂ? ಹೂಂ, ಬಗ್ಗೇ ತುಂಬಿದ್ದು."

...

"ಚೀಲದಲ್ಲಿ ನೋಡಿಲ್ಲ. ಪೂಜೆ ಪತ್ರೆನ ನೆಲಕ್ಕೆ ಸುರೀತಾರಾ? ಆಮೇಲೆ ಶಿವನ ತಲೆ ಮೇಲೆ ಹೆಂಗಿಡದು... ಶಾಲು ಹಾಸ್ಲಾ? ಹೊದ್ದಿರೋ ಶಾಲು ಕಣವ್ವ... ಹೂಂ, ನಿಮ್ಮವ್ವಂದೇ. ಚಳಿ ಅಂತ ಅವ್ಳದ್ನೇ ಹೊದ್ದಂಡು ಬಂದೆ... ಅವ್ಳ ಸೆರಗು ಅನ್ಕೊಂಡು ಹಾಸ್ಲಾ? ಸರಿ. ಸರಿ ಬುಡು."

ಅವರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಹೆಂಡತಿ ಮಂಗಳಗೌರಿಯ ಕಂದು ಶಾಲನ್ನು ಬೆಂಚಿನ ಮೇಲೆ ಹರಡಿದರು. ಚೀಲವನ್ನು ಬೋರಲು ಹಾಕಿ ಎಲೆಗಳನ್ನು ಬೆರಳಿನಿಂದ ಬಿಡಿಸತೊಡಗಿದರು.

...

"ಇರು... ಮುಳ್ಳು ಚುಚ್ತದೆ, ಇರು... ಪವಿತ್ರ. ಪತ್ರೆ ಒಳಗೇ ಕೂತವ್ನೆ ಕಣವ್ವ. ಪೂಜೆ ಮಾಡಿಸ್ಕೊಂಡವ್ನಂಗೆ ತಣ್ಣಗೆ ಕೂತವ್ನೆ."

...

"ಸಿಕ್ತು ಅಂದೆ. ಕೇಳಿಸ್ತಾ? ನೀನುಣ್ಣು ಮೊದ್ಲು... ಹಲೋ... ಉಣ್ಣವ್ವ, ಸಿಕ್ತು... ಹಲೋ..."

ಫೋನು ಕಪ್ಪಾಗಿತ್ತು. ಶಿವಮಲ್ಲಪ್ಪನವರು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಎದೆಗೆ ಹಿಡಿದು, ಶಾಲು, ಪತ್ರೆ ಎಲ್ಲವನ್ನೂ ಅಲ್ಲೇ ಬಿಟ್ಟು, ಗೇಟಿನ ಕಡೆ ಬಿರಬಿರನೆ ಹೆಜ್ಜೆ ಹಾಕಿದರು.

"ಮೂಗಯ್ಯಾ... ನಿನ್ ಫೋನ್ ತತ್ತಾರಪ್ಪ. ಬೇಗ ಬಾ, ನನ್ ಮಗ್ಳು ಉಂಡಿಲ್ಲ."